ಬಬಲೇಶ್ವರದಿಂದ ಬಂದ ಅಲೆ

ಮಾರ್ಚ್ ತಿಂಗಳ ಎರಡನೇ ಸೋಮವಾರ ನನ್ನ ದಿನಚರಿಯಲ್ಲಿ ಒಂದೇ ಸಾಲು ಇದೆ: “ಚಿತ್ರ ತುಂಬಾ ಚೆನ್ನಾಗಿದೆ. ಯಾಕೆ?”

ಆ ರೇಖಾಚಿತ್ರ ಬಂದದ್ದು ಬಬಲೇಶ್ವರದಿಂದ. ಅಲ್ಲಿಯ ಕಾಲೇಜೊಂದರಲ್ಲಿ ಗಣಿತ ಕಲಿಸುವ ಉಪನ್ಯಾಸಕರು ಮತ್ತು ನಾನು ವಿಜಯಪುರದಲ್ಲಿ ಒಬ್ಬರೇ ಗೈಡ್ ಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆವು. ನಾನು ಪೂರ್ಣಾವಧಿಯವಳು. ಅವರು ನೌಕರಿ ಮಾಡುತ್ತಲೇ ಸಂಶೋಧನೆಗೆ ನೋಂದಾಯಿಸಿದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರಿಗೆ ಕೊಟ್ಟಿದ್ದ ಕೊನೆಯ ಹೆಚ್ಚುವರಿ ಅವಧಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಅಷ್ಟರಲ್ಲಿ ಒಂದು ಪ್ರಬಂಧ ಪ್ರಕಟಣೆಗೆ ಒಪ್ಪಿಗೆಯಾಗದಿದ್ದರೆ ಅವರ ಪಿಎಚ್.ಡಿ. ಅಲ್ಲಿಗೇ ನಿಲ್ಲುತ್ತಿತ್ತು. ಆ ಪ್ರಬಂಧ ನಮ್ಮಿಬ್ಬರ ಹೆಸರಿನದು. ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯವೂ ಅದೇ.

ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂರು ಬಿಂದುಗಳ ಒಂದು ತ್ರಿಕೋನ. ಅಂಥ ಮೂರನ್ನು ಮೂಲೆಗೆ ಮೂಲೆ ತಾಗಿಸಿದರೆ ದೊಡ್ಡ ತ್ರಿಕೋನ, ಆ ದೊಡ್ಡವು ಮೂರನ್ನು ಹಾಗೆಯೇ ಸೇರಿಸಿದರೆ ಇನ್ನೂ ದೊಡ್ಡದು. ಬಿಂದುಗಳು ಮೂರು, ಆರು, ಹದಿನೈದು, ನಲವತ್ತೆರಡು ಎಂದು ಏರುತ್ತವೆ. ಯಾವ ಹಂತದಲ್ಲಿ ನೋಡಿದರೂ ಭಾಗ ಇಡಿಯಂತೆಯೇ ಕಾಣುವುದರಿಂದ ಈ ಬಿಂದು-ಗೆರೆಗಳ ಜಾಲವನ್ನು ಸ್ವಸದೃಶ ಗ್ರಾಫ್ ಎನ್ನುತ್ತಾರೆ. ಒಬ್ಬ ನಡಿಗೆಗಾರನನ್ನು ಇದರ ಒಂದು ಬಿಂದುವಿನಲ್ಲಿ ನಿಲ್ಲಿಸಿ, ಪ್ರತಿ ಹೆಜ್ಜೆಗೂ ಚೀಟಿ ಎತ್ತಿದ ಹಾಗೆ ಪಕ್ಕದ ಯಾವುದಾದರೊಂದು ಬಿಂದುವಿಗೆ ಹೋಗಲು ಬಿಡುತ್ತೇವೆ. ಇಂತಿಷ್ಟು ಹೆಜ್ಜೆಯ ನಂತರ ಅವನು ಹೊರಟ ಜಾಗದಲ್ಲೇ ಇರುವ ಸಂಭವ ಎಷ್ಟು?

ಹೆಜ್ಜೆ ಹೆಚ್ಚಿದಂತೆ ಆ ಸಂಭವ ಇಳಿಯುತ್ತದೆ. ಸಾಮಾನ್ಯ ಚೌಕಳಿಯ ಮೇಲಾದರೆ ಲಾಗ್ ಮಾಪಕದಲ್ಲಿ ಆ ಇಳಿತ ನೇರ ಗೆರೆ. ತ್ರಿಕೋನದ ಮೇಲೆ ಗೆರೆಗುಂಟ ಒಂದು ಅಲೆ ಏಳುತ್ತದೆ. ಇಲ್ಲಿ ಎರಡು ಪಟ್ಟು ದೂರ ದಾಟಲು ಸರಾಸರಿ ಐದು ಪಟ್ಟು ಹೆಜ್ಜೆ ಬೇಕು, ಹಾಗಾಗಿ ಹೆಜ್ಜೆಗಳು ಐದು ಪಟ್ಟಾದಾಗಲೆಲ್ಲ ಅದೇ ಅಲೆ ಮರಳುತ್ತದೆ. ನಾವು ಹಿಡಿದದ್ದು ಮೂರರ ಬದಲು ಆರು ನಕಲು ಸೇರಿಸುವ ರೂಪವನ್ನು. ಅಲೆ ಇದೆ ಎಂಬುದು ಹೊಸ ಮಾತಲ್ಲ. ಅದರ ಎತ್ತರ ಎಷ್ಟು ಎಂದು ಅಂಕಿಯಲ್ಲಿ ಹೇಳುವುದು ನಮ್ಮ ಕೆಲಸವಾಗಿತ್ತು.

ನನ್ನ ದಾರಿ ಐಗನ್ ಮೌಲ್ಯಗಳದು. ನಡಿಗೆಯ ನಿಯಮವನ್ನು ಒಂದು ಮಾತೃಕೆಯಾಗಿ, ಅಂದರೆ ಅಂಕಿಗಳ ಚೌಕ ಕೋಷ್ಟಕವಾಗಿ, ಬರೆದು ಅದರ ಮೌಲ್ಯಗಳ ಪೂರ್ತಿ ಪಟ್ಟಿ, ಅಂದರೆ ರೋಹಿತ, ತೆಗೆಯಬೇಕು. ಸಣ್ಣ ಗ್ರಾಫಿನ ಒಂದೊಂದು ಮೌಲ್ಯವನ್ನೂ ಒಂದು ಸಮೀಕರಣಕ್ಕೆ ಕೊಟ್ಟರೆ ಮುಂದಿನ ಗ್ರಾಫಿನ ಮೌಲ್ಯಗಳು ಬರುತ್ತವೆ. ಕೆಲವು ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ. ಅವು ಎಷ್ಟೆಷ್ಟು ಸಲ ಬರುತ್ತವೆ ಎಂದು ಬೇರೆಯಾಗಿಯೇ ಎಣಿಸಬೇಕು. ನನ್ನ ಕೆಲಸದ ಮುಕ್ಕಾಲು ಪಾಲು ಈ ಎಣಿಕೆ. ಉಪನ್ಯಾಸಕರದು ನೇರ ದಾರಿ: ಕಂಪ್ಯೂಟರಿನಲ್ಲಿ ನಡಿಗೆಗಾರನನ್ನು ಲಕ್ಷಾಂತರ ಸಲ ಓಡಿಸಿ, ಎಷ್ಟು ಸಲ ಮರಳಿದ ಎಂದು ಲೆಕ್ಕ ಹಾಕುವುದು.

ನನ್ನ ಲೆಕ್ಕದ ಅಲೆ ಗೆರೆಯ ದಪ್ಪದಲ್ಲಿ ಅಡಗಿಹೋಗುವಷ್ಟು ಸಣ್ಣದು. ಅವರ ಚಿತ್ರದ ಅಲೆ ಬಾಗಿಲಲ್ಲಿ ನಿಂತರೂ ಕಾಣುತ್ತಿತ್ತು.

ಗೈಡ್ ಅದನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ನನ್ನ ಅಂಕಿ ಹೇಳಿದಾಗ ಕನ್ನಡಕ ತೆಗೆದು ನಕ್ಕರು.

“ನಿನ್ನ ಎಣಿಕಿಯೊಳಗ ಏನೋ ಜಾರೈತಿ ತಂಗಿ. ಮಿಷಿನ್ ಯಾಕ ಸುಳ್ಳ ಹೇಳ್ತೈತಿ?”

“ಎಣಿಕಿ ಎರಡ ಸಲ ನೋಡೇನ್ರಿ ಸರ್.”

“ಮೂರನೇ ಸಲ ನೋಡು.”

ನೋಡಿದೆ. ಈ ಕೆಲಸದಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು, ಮೌಲ್ಯಗಳ ಒಟ್ಟು ಎಣಿಕೆ ಬಿಂದುಗಳ ಸಂಖ್ಯೆಗೆ ಸಮನಾಗಬೇಕು. ಎರಡನೆಯದನ್ನು ಹಲವರು ಮರೆಯುತ್ತಾರೆ. ನಡಿಗೆಗಾರ ಯಾವ ಬಿಂದುವಿನಲ್ಲೂ ನಿಂತು ಕೂರುವುದಿಲ್ಲ, ಆದ್ದರಿಂದ ನಾವು ಬಳಸುವ ಮಾತೃಕೆಯ (ಕರ್ಣದಲ್ಲಿ ಒಂದುಗಳನ್ನಿಟ್ಟು ಅದರಿಂದ ನಡಿಗೆಯ ಸಂಭವಗಳನ್ನು ಕಳೆದದ್ದು) ಕರ್ಣದಲ್ಲಿ ಏನೂ ಕಳೆಯದೆ ಬರೀ ಒಂದುಗಳೇ ಉಳಿಯುತ್ತವೆ. ಹಾಗಾಗಿ ಎಲ್ಲ ಮೌಲ್ಯಗಳನ್ನು ಕೂಡಿದ ಮೊತ್ತವೂ ಬಿಂದುಗಳ ಸಂಖ್ಯೆಯೇ ಆಗಬೇಕು. ನಲವತ್ತೆರಡು ಬಿಂದುಗಳ ತ್ರಿಕೋನದಲ್ಲಿ ಮುಕ್ಕಾಲು ಎಂಬ ಮೌಲ್ಯ ಆರು ಸಲ, ಒಂದೂಕಾಲು ಎಂಬುದು ನಾಲ್ಕು ಸಲ ಬರುತ್ತದೆ. ಕೈತಪ್ಪಿ ಈ ಆರು ನಾಲ್ಕನ್ನು ಅದಲುಬದಲು ಬರೆದರೆ ಎಣಿಕೆ ನಲವತ್ತೆರಡೇ ಉಳಿಯುತ್ತದೆ, ಮೊತ್ತ ಮಾತ್ರ ನಲವತ್ತಮೂರಾಗಿ ಗುಟ್ಟು ಬಿಟ್ಟುಕೊಡುತ್ತದೆ. ನನ್ನ ಪಟ್ಟಿಗಳು ಎರಡೂ ಪರೀಕ್ಷೆಯಲ್ಲಿ ನಿಂತವು, ಮೂರು ನಕಲಿನದೂ, ಆರು ನಕಲಿನದೂ. ಗೈಡ್‌ಗೆ ತೋರಿಸಿದೆ. “ಹ್ಞೂಂ” ಎಂದರು. ಚಿತ್ರ ಗಾಜಿನ ಕೆಳಗೇ ಇತ್ತು. ಅದನ್ನು ಅವರು ಆಗಲೇ ಒಂದು ವಿಚಾರ ಸಂಕಿರಣದಲ್ಲಿ ತೋರಿಸಿಬಿಟ್ಟಿದ್ದರೆಂದು ನನಗೆ ತಿಳಿದದ್ದು ಆಮೇಲೆ.

ನನ್ನ ಸಂಶಯ ಆ ವಾರ ಶುರುವಾಯಿತು. ಉಪನ್ಯಾಸಕರು ಪ್ರತಿ ತಿಂಗಳೂ ಹೆಚ್ಚು ನಡಿಗೆಗಳ ಹೊಸ ಫೈಲ್ ಕಳಿಸುತ್ತಿದ್ದರು. ನಡಿಗೆಗಳು ಹೆಚ್ಚಿದರೆ ಆಕಸ್ಮಿಕದ ಏರಿಳಿತ ಕರಗಬೇಕು. ಜನವರಿ, ಫೆಬ್ರವರಿ, ಮಾರ್ಚ್ ಮೂರರ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ದೊಡ್ಡ ಅಲೆ ಇರಲಿ, ಅದರ ಮೇಲಿನ ಪುಟ್ಟ ಮುಳ್ಳುಗಳು ಕೂಡ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಇದ್ದವು. ಫೋನ್ ಮಾಡಿದೆ.

“ಸರ್ರ, ಪ್ರೋಗ್ರಾಮ್ ಒಂಚೂರು ಕಳಸ್ತೀರೇನ್ರಿ?”

“ಕಳಸ್ತೀನ್ ತಗೋರಿ ಮೇಡಂ. ಇನ್ನೂ ಸ್ವಚ್ಛ ಮಾಡಬೇಕು. ಭಾಳ ಹೊಲಸ ಬರದೇನಿ.”

“ಹೊಲಸಿದ್ರೂ ನಡೀತೈತ್ರಿ.”

“ನಿಮಗ ನಡೀತೈತಿ. ನನಗ ಮರ್ಯಾದಿ ಬ್ಯಾಡೇನ್ರಿ?”

ಎರಡು ವಾರ ಕಾದೆ. ಪ್ರೋಗ್ರಾಮ್ ಬರಲಿಲ್ಲ. ಹಳೆಯ ಫೈಲುಗಳಲ್ಲಿ ಪ್ರತಿ ಸಾಲಿನ ಮುಂದೆ ಅದು ಬರೆಯಲಾದ ವೇಳೆ ಇರುತ್ತಿತ್ತು. ಮಾರ್ಚಿನ ಫೈಲಿನಲ್ಲಿ ಆ ಕಾಲಂ ಇರಲಿಲ್ಲ. ಅಂದಿನಿಂದ ನಾನು ನನ್ನ ಪಟ್ಟಿಗಳನ್ನು ಅವರಿಗೆ ಕಳಿಸುವುದನ್ನು ನಿಲ್ಲಿಸಿದೆ. ಕೇಳಿದಾಗ “ಇನ್ನೂ ಮುಗಿದಿಲ್ರಿ” ಎಂದೆ. ಮುಗಿದಿತ್ತು.

ಮಾರ್ಚ್ ಕೊನೆಯ ಶನಿವಾರ ಮಧ್ಯಾಹ್ನ ಫೈಲಿನ ಮೊದಲ ಸಾಲನ್ನು, ಅಂದರೆ ಮೊದಲ ನಡಿಗೆ ಯಾವ ಯಾವ ಹೆಜ್ಜೆಗೆ ಮರಳಿತು ಎಂಬ ಸಂಖ್ಯೆಗಳ ಸರಣಿಯನ್ನು, ಅದೇ ಫೈಲಿನಲ್ಲಿ ಹುಡುಕಲು ಹಾಕಿದೆ. ಒಂದು ಸಲ ಸಿಗಬೇಕಿತ್ತು. ಪುಟ ಕೆಳಗೆ ಹೋದಂತೆ ಸಿಗುತ್ತಲೇ ಹೋಯಿತು. ಅದರ ನಂತರದ ಸಾಲು, ಅದರ ನಂತರದ್ದು, ಎಲ್ಲವೂ ಅದೇ ಕ್ರಮದಲ್ಲಿ ಮರಳಿ ಬಂದಿದ್ದವು. ಒಂದಷ್ಟು ನಡಿಗೆಗಳನ್ನೇ ನಕಲು ಹೊಡೆದು ಅಂಟಿಸಿ ಫೈಲನ್ನು ಉಬ್ಬಿಸಿದಂತಿತ್ತು.

ಗೈಡ್‌ಗೆ ಪತ್ರ ಬರೆದೆ: ದತ್ತಾಂಶ ನಕಲಿ, ನನ್ನ ಹೆಸರು ಈ ಪ್ರಬಂಧದಲ್ಲಿ ಬೇಡ. ಕಳಿಸುವ ಮುಂಚೆ ಸಾಕ್ಷಿಗೆಂದು ಮರುಕಳಿಸಿದ ತುಂಡುಗಳ ಉದ್ದವನ್ನು ಪಟ್ಟಿ ಮಾಡತೊಡಗಿದೆ. ಅಲ್ಲಿ ನಿಂತೆ. ಒಂದು ತುಂಡು ಉದ್ದ, ಒಂದು ಗಿಡ್ಡ, ಇನ್ನೊಂದು ನಾಲ್ಕೇ ಸಾಲು. ಕೆಲವು ತುಂಡುಗಳ ಕೊನೆಯ ಸಾಲು ಅರ್ಧಕ್ಕೇ ತುಂಡಾಗಿತ್ತು. ನಕಲು ಹೊಡೆಯುವವನು ಇಷ್ಟು ಅಡ್ಡಾದಿಡ್ಡಿಯಾಗಿ ಯಾಕೆ ಹೊಡೆಯುತ್ತಾನೆ? ಸಾಲುಗಳು ಮರುಕಳಿಸಿವೆ ಎಂಬುದು ನನಗೆ ಗೊತ್ತಿತ್ತು, ಯಾರು ಮರುಕಳಿಸಿದರೆಂಬುದು ಗೊತ್ತಿರಲಿಲ್ಲ. ಪತ್ರವನ್ನು ಕಳಿಸದೆ ಉಳಿಸಿಕೊಂಡು, ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಬಬಲೇಶ್ವರದ ಬಸ್ ಹತ್ತಿದೆ.

ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆಯ ಕಾಲವಾದ್ದರಿಂದ ಅವರೊಬ್ಬರೇ ಇದ್ದರು. ನನ್ನನ್ನು ಕಂಡು ಕುರ್ಚಿಯಿಂದ ಎದ್ದು ಕೈ ಮುಗಿದರು.

“ಓಹೋ, ತಪಾಸಣಿ ಬಂತ್ರಪ್ಪೋ! ಬರ್ರಿ ಮೇಡಂ, ಕುಂದರ್ರಿ. ಮೊದಲ ಹೇಳಿದ್ರ ಮಿಷಿನ್‌ಗೆ ಜಳಕಾ ಮಾಡಸಿ ಇಡತಿದ್ದೆ.”

“ಈ ಕಡೆ ಕೆಲಸಿತ್ರಿ, ಹಂಗ ಬಂದೆ.”

“ಬಬಲೇಶ್ವರದಾಗ ನಿಮಗೇನ್ ಕೆಲಸ್ರಿ?”

ನಾನು ಉತ್ತರಿಸುವ ಮೊದಲೇ ಫ್ಯಾನ್ ನಿಂತಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು, ಪರದೆ ಕಪ್ಪಾಯಿತು. ಅವರು ಆ ಕಡೆ ತಿರುಗಿಯೂ ನೋಡದೆ ಚಹಾ ಹೇಳಲು ಹೊರಗೆ ಹೋದರು. ಚಹಾ ಕುಡಿದು ಮುಗಿಸುವ ಹೊತ್ತಿಗೆ ಕರೆಂಟು ಬಂತು. ಯಂತ್ರ ತಾನಾಗಿಯೇ ಚಾಲೂ ಆಯಿತು. ಯಾರೂ ಮುಟ್ಟದಿದ್ದರೂ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ಅಂಕಿಗಳು ಓಡತೊಡಗಿದವು.

ಅವರಿಗೆ ಹೆಮ್ಮೆ. “ನೋಡ್ರಿ, ಯಾರೂ ಕೈ ಹಚ್ಚೂದು ಬ್ಯಾಡ. ತಾನ ಎದ್ದು ತಾನ ದುಡೀತೈತಿ. ಕರೆಂಟ್ ಹೋಗ್ಲಿ ಬರ್ಲಿ, ಹೊಸಾ ನಡಗಿ ಹಳೇ ಫೈಲಿನ ಕೆಳಗ ಕೂಡಕೋತ ಹೊಕ್ಕೈತಿ. ಈ ಯುಕ್ತಿ ನಾನ ಹುಡಕೀನಿ.”

ನಾನು ಪರದೆಯ ಮೊದಲ ಸಾಲನ್ನು ನೋಡುತ್ತಿದ್ದೆ. ಶನಿವಾರದಿಂದ ಆ ಸಾಲು ನನಗೆ ಬಾಯಿಪಾಠವಾಗಿತ್ತು.

“ಸರ್ರ, ಸೀಡ್ ಎಲ್ಲಿ ಕೊಟ್ಟೀರ್ರಿ?”

ಕಂಪ್ಯೂಟರಿನ ಚೀಟಿ ಎತ್ತುವಿಕೆ ನಿಜವಾದ ಚೀಟಿ ಎತ್ತುವಿಕೆಯಲ್ಲ. ಅದು ಒಂದು ಆರಂಭದ ಸಂಖ್ಯೆಯಿಂದ ಹೊರಡುತ್ತದೆ. ಅದಕ್ಕೆ ಸೀಡ್ ಎನ್ನುತ್ತಾರೆ. ಆರಂಭ ಅದೇ ಆದರೆ ಚೀಟಿಗಳ ಸಾಲೂ ಅದೇ.

“ಪ್ರೋಗ್ರಾಮಿನ ಮೊದಲನೇ ಸಾಲಿನಾಗ ಐತ್ರಿ. ಗೈಡ್ ಸರ್ ಹೇಳಿದ್ರಲ್ಲ, ಯಾರ ಓಡಿಸಿದ್ರೂ ಅದ ಉತ್ತರ ಬರಬೇಕು, ಸೀಡ್ ಕಟ್ಟಿ ಇಡ್ರಿ ಅಂತ.”

ಇಷ್ಟು ಹೇಳಿ ಅವರು ನಿಂತರು. ನನ್ನ ಮುಖ ನೋಡಿದರು, ಪರದೆ ನೋಡಿದರು. ಪ್ರೋಗ್ರಾಮ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರು. ಅದೇ ಸಾಲು. ಇನ್ನೊಮ್ಮೆ ಮಾಡಿದರು. ಅದೇ.

“ಯಪ್ಪಾ...” ಎಂದು ಕುರ್ಚಿಯಲ್ಲಿ ಕುಳಿತರು. “ಹಂಗಾರ ಇಷ್ಟ ತಿಂಗಳ ನಾ ಏನ್ ಓಡಿಸಿದ್ನಿ?”

“ಮೊದಲನೇ ತಾಸಿನ ನಡಗಿ ಮತ್ತ ಮತ್ತ ಓಡಿಸೀರ್ರಿ.”

ಗೈಡ್ ಹೇಳಿದ ನಿಯಮ ಸರಿ, ಸೀಡ್ ಕಟ್ಟಿ ಇಡಬೇಕು. ಕರೆಂಟು ನಿಲ್ಲದ ಊರಿನಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಇವರ ಯುಕ್ತಿಯೂ ತಪ್ಪಲ್ಲ, ಪ್ರತಿ ಸಲ ಸೀಡ್ ಬದಲಾದರೆ ಅದು ಜಾಣತನವೇ. ಎರಡೂ ಒಂದೇ ಯಂತ್ರದಲ್ಲಿ ಕೂಡಿದಾಗ, ಕರೆಂಟು ಹೋಗಿ ಬಂದಷ್ಟು ಸಲವೂ ಅದೇ ಸ್ವಲ್ಪ ನಡಿಗೆಗಳು ಹೊಸ ವೇಷದಲ್ಲಿ ಫೈಲಿಗೆ ಸೇರಿದ್ದವು. ಆ ಸ್ವಲ್ಪ ನಡಿಗೆಗಳ ಆಕಸ್ಮಿಕವನ್ನು ನಾವು ಅಲೆ ಎಂದು ಕರೆದಿದ್ದೆವು.

ಆದರೂ ನನ್ನೊಳಗಿನ ಒಂದು ಪ್ರಶ್ನೆ ಹೋಗಿರಲಿಲ್ಲ.

“ವೇಳೆದ ಕಾಲಂ ಯಾಕ ತಗದ್ರಿ ಸರ್ರ?”

ಅವರು ಖಾಲಿ ಚಹಾ ಲೋಟವನ್ನು ಮೇಜಿನ ಅಂಚಿಗೆ ಸರಿಸಿದರು. “ಅದರಾಗ ಕಾಣತಿತ್ತಲ್ರಿ, ದಿನಕ್ಕ ಎಷ್ಟ ಸಲ ಬಂದ್ ಬಿದ್ದೈತಿ ಅಂತ. ಹಳ್ಳಿ ಕಾಲೇಜಿನ ಮಿಷಿನ್‌ಮ್ಯಾಲ ಇದು ಆಗೂ ಕೆಲಸ ಅಲ್ಲ ಅಂತ ಸರ್ ಮೊದಲ ಅಂದಿದ್ರು. ಆಗ್ತೈತಿ ಅಂತ ತೋರಸಬೇಕಾಗಿತ್ತು. ಶರಮ ಆತ್ರಿ.” ಆಮೇಲೆ ತಲೆ ಎತ್ತಿ ಕೇಳಿದರು: “ನೀವು ಏನ್ ತಿಳಕೊಂಡ್ ಬಂದಿದ್ರಿ?”

ನಾನು ಪರದೆಯ ಕಡೆ ತಿರುಗಿದೆ. ಅವರಿಗೆ ತಿಳಿಯಿತು.

ಅಂದು ದಿನಚರಿಯಲ್ಲಿ ಅವರ ಉತ್ತರವನ್ನು ಹಾಗೆಯೇ ಬರೆದು, ಮುಂದೆ “ಇರಬಹುದು” ಎಂದು ಸೇರಿಸಿದೆ.

ಸೀಡ್ ಬದಲಾಯಿಸಿದೆವು. ಯಂತ್ರ ಎದ್ದಾಗಲೆಲ್ಲ ಹೊಸ ಸೀಡ್ ತೆಗೆದುಕೊಂಡು, ಅದನ್ನೂ ವೇಳೆಯನ್ನೂ ಫೈಲಿನಲ್ಲಿ ಬರೆಯಬೇಕು. ಏಪ್ರಿಲ್ ತುಂಬ ಪ್ರತಿ ಸಂಜೆ ಒಂದು ಚಿತ್ರ ಕಳಿಸಿದರು. ದಿನದಿನಕ್ಕೂ ಅಲೆ ತಗ್ಗುತ್ತಾ ಹೋಯಿತು. ತಿಂಗಳ ಕೊನೆಗೆ ಅಲ್ಲಿ ಉಳಿದದ್ದು ಸ್ವಲ್ಪ ನಡುಗುವ ಗೆರೆ. ನನ್ನ ಲೆಕ್ಕದ ಅಲೆ ಅದರಲ್ಲಿ ಕಾಣುವಷ್ಟು ದೊಡ್ಡದಲ್ಲ. ನನ್ನ ಅಂಕಿ ಸರಿಯೆಂದು ಆ ಗೆರೆ ಹೇಳಲಿಲ್ಲ. ಅವರ ಅಲೆ ಇಲ್ಲ ಎಂದಷ್ಟೇ ಹೇಳಿತು.

ಮೂವರೂ ಗೈಡ್ ಕೋಣೆಯಲ್ಲಿ ಕುಳಿತೆವು. ನಡೆದದ್ದನ್ನು ಉಪನ್ಯಾಸಕರೇ ಹೇಳಿದರು. ಗೈಡ್ ಮೇಜಿನ ಗಾಜಿನ ಮೇಲೆ ಬೆರಳು ಆಡಿಸುತ್ತಿದ್ದರು.

“ಈ ಚಿತ್ರ ತಗದ್ರ ಪ್ರಬಂಧದಾಗ ಏನ್ ಉಳೀತು?”

“ಅಲಿ ಐತಿ, ಆದ್ರ ಇಷ್ಟ ಸಣ್ಣದು ಅನ್ನೂದು ಉಳೀತೈತ್ರಿ ಸರ್” ಎಂದೆ.

“ಸಣ್ಣದನ್ನ ಯಾರ್ ಓದ್ತಾರ? ಕೆಳಗ ‘ಪ್ರಾಥಮಿಕ ಫಲಿತಾಂಶ’ ಅಂತ ಬರದ ಇಡೋಣು.”

“ಇಡೂದಾದ್ರ ನನ್ನ ಹೆಸರ ತಗದ ಇಡ್ರಿ ಸರ್” ಎಂದರು ಉಪನ್ಯಾಸಕರು.

ಗೈಡ್ ಕೆಂಡವಾದರು. “ಏನ್ ಮಾತಿದು? ಚಿತ್ರ ತಗದ್ರ ಅದರಾಗ ನಿಂದೇನೂ ಕೆಲಸ ಉಳೂದಿಲ್ಲ, ಹೆಸರ ಹಾಕಾಕ ಬರೂದಿಲ್ಲ. ಇಟ್ಟರ ನೀನ ತಗೀರಿ ಅಂತಿ. ಈ ವರ್ಷ ದಾಟಿದ್ರ ನಿನ್ನ ನೋಂದಣಿ ಮುಗೀತು, ತಿಳದೈತಿಲ್ಲೋ? ಏನ್ ಮಾಡ್ಲಿ ನಿನ್ನ?”

ಉಪನ್ಯಾಸಕರು ಹೆಸರು ಬಿಡಲು ಒಪ್ಪಿದ್ದು ಪ್ರಾಮಾಣಿಕತೆಯೋ, ಆ ಚಿತ್ರ ಮುಂದೊಮ್ಮೆ ಸಿಕ್ಕಿಬೀಳುತ್ತದೆಂಬ ಎಚ್ಚರವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಬೇರೆ: ನನ್ನ ಪಟ್ಟಿಯನ್ನು ಈ ಕೋಣೆಯಲ್ಲಿ ಯಾರೂ ಪೂರ್ತಿ ನಂಬಿಲ್ಲ. ನನ್ನ ಎರಡು ಪರೀಕ್ಷೆಗಳನ್ನು ಮಾಡಿದವಳೂ ನಾನೇ. ಬೇರೊಬ್ಬರು ಬೇರೆ ದಾರಿಯಿಂದ ಅದೇ ಪಟ್ಟಿಗೆ ಬಂದರೆ ಮಾತ್ರ ಅದು ನಿಲ್ಲುತ್ತದೆ.

“ಸರ್, ಇವರು ಮಾತೃಕೆಯನ್ನ ನೇರ ಕಂಪ್ಯೂಟರಿಗೆ ಕೊಟ್ಟು ಎಲ್ಲಾ ಮೌಲ್ಯ ತಗೀಲಿ. ನನ್ನ ಸೂತ್ರ ಮುಟ್ಟೂದು ಬ್ಯಾಡ. ಎರಡೂ ಕೂಡಿದ್ರ ಅದು ಇವರ ಕೆಲಸಲ್ಲೇನ್ರಿ? ಹೆಸರ ಇರಲಿ. ಚಿತ್ರ ಬ್ಯಾಡ.”

ಗೈಡ್ ಇಬ್ಬರನ್ನೂ ನೋಡಿದರು. “ಕೂಡಲಿಲ್ಲಂದ್ರ?”

“ಕೂಡಲಿಲ್ಲಂದ್ರ ನನ್ನ ಅಧ್ಯಾಯನೂ ಹೋತ್ರಿ.”

ಉಪನ್ಯಾಸಕರು ಒಂದೇ ಷರತ್ತು ಹಾಕಿದರು. ನನ್ನ ಪಟ್ಟಿಯನ್ನು ಅವರಿಗೆ ಕಳಿಸಕೂಡದು. ಹೋಲಿಸುವ ದಿನದವರೆಗೆ ಅವರದು ಅವರಲ್ಲಿ, ನನ್ನದು ನನ್ನಲ್ಲಿ. “ಆಮ್ಯಾಲ ನೋಡಿ ಬರದೆ ಅನ್ನಬಾರದ್ರಿ” ಎಂದರು.

ಮೇ ತಿಂಗಳ ಒಂದು ಭಾನುವಾರ ತಿಕೋಟಾದ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಅವರ ಹೆಂಡತಿ ಒಣದ್ರಾಕ್ಷಿಯ ರಾಶಿ ಹಾಕಿಕೊಂಡು ಕಡ್ಡಿ ಆರಿಸುತ್ತಿದ್ದರು. ನಾವು ಎದುರುಬದುರು ಕುಳಿತೆವು. ಅವರು ಒಂದು ಮೌಲ್ಯ ಓದಿ ಅದು ಎಷ್ಟು ಸಲ ಎಂದು ಹೇಳಬೇಕು, ನಾನು ಗುರುತು ಹಾಕಬೇಕು. ಮುಂದಿನದನ್ನು ನಾನು ಓದಬೇಕು. ನಾನು ಹಾಳೆಗಳನ್ನು ಎದೆಗೆ ಒತ್ತಿಕೊಂಡೇ ಓದುತ್ತಿದ್ದೆ.

ಅವರ ಹೆಂಡತಿಗೆ ನಗು ತಡೆಯಲಿಲ್ಲ. “ಏನ್ ಬೇ ಯವ್ವಾ, ಇಸ್ಪೀಟ್ ಎಲಿ ಹಿಡದಂಗ ಹಿಡದೀಯಲ್ಲ! ನನ್ನ ಗಂಡ ಅಷ್ಟ ಕಳ್ಳ ಅದಾನೇನು?”

“ಹಂಗಲ್ರಿ ಅಕ್ಕಾರ...”

“ಇರ್ಲಿ ಬಿಡು, ಹಿಡಿ. ಆಟದಾಗ ನನಗೂ ಮೋಸ ಮಾಡ್ಯಾರ.”

“ಲೇ, ನೀ ಮನೂಕ ಆರಸು” ಎಂದರು ಉಪನ್ಯಾಸಕರು.

ಮೊದಲ ಹಾಳೆ ಕೂಡಿತು. ಎರಡನೆಯದೂ ಕೂಡಿತು. ಹನ್ನೊಂದು ದಶಮಾಂಶದವರೆಗೂ ಒಂದು ಅಂಕಿ ಆಚೀಚೆ ಇಲ್ಲ. ಎಲ್ಲವೂ ಹೀಗೆ ಸಲೀಸಾಗಿ ಕೂಡತೊಡಗಿದಂತೆ ನನ್ನ ಹಳೆಯ ಸಂಶಯ ಮತ್ತೆ ತಲೆ ಎತ್ತಿತು. ನನ್ನ ಪಟ್ಟಿಯ ಒಂದು ಕರಡು ಪ್ರತಿ ಗೈಡ್ ಕೋಣೆಯ ಕಪಾಟಿನಲ್ಲಿ ಇತ್ತು. ಇವರು ಅಲ್ಲಿಗೆ ಹೋಗಿ ಬಂದಿದ್ದರೆ?

ಮೂರನೇ ಹಾಳೆಯ ನಡುವೆ ಅವರು ಒಂದು ಮೌಲ್ಯ ಓದಿದರು. ನಿಯಮಕ್ಕೆ ಬಗ್ಗದ ಮೌಲ್ಯಗಳಲ್ಲಿ ಅದೂ ಒಂದು. ಅವರು ಹೇಳಿದ ಎಣಿಕೆ ನನ್ನದಕ್ಕಿಂತ ಒಂದು ಕಡಿಮೆ.

“ಇನ್ನೊಮ್ಮೆ ಓದ್ರಿ.”

ಓದಿದರು. ಒಂದು ಕಡಿಮೆಯೇ.

“ಒಂದ ಹೆಚ್ಚು ಬೇಕ್ರಿ ಸರ್ರ.”

“ನನ್ನ ಹತ್ರ ಇಷ್ಟ ಅದಾವ್ರಿ. ಇದ್ದದ್ದ ಓದಾಕತ್ತೇನಿ.” ಹೆಂಡತಿಯ ಕೈ ದ್ರಾಕ್ಷಿಯ ಮೇಲೆ ನಿಂತಿತು.

“ನನ್ನದ ತಪ್ಪಿರಬಹುದು. ಹೌದ್ರಿ?” ಎಂದೆ.

“ನನ್ನದೂ ಇರಬಹುದ್ರಿ. ಆದ್ರ ತಿದ್ದೂದಿಲ್ಲ. ಮುಂದ ಓದೂಣು.”

ಸರದಿ ನನ್ನದಾಗಿದ್ದರೂ ಮುಂದಿನ ಮೌಲ್ಯವನ್ನೂ ಅವರೇ ಓದಿದರು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಒಂದೇ ಸಲ ಬರುವ ಒಂಟಿ ಮೌಲ್ಯ. ಬರೆದುಕೊಂಡು ಹಿಂದಿನದರ ಪಕ್ಕಕ್ಕಿಟ್ಟು ನೋಡಿದೆ. ಹನ್ನೊಂದು ದಶಮಾಂಶದವರೆಗೆ ಎರಡೂ ಒಂದೇ, ಹನ್ನೆರಡನೆಯದರಲ್ಲಿ ಬೇರೆ. ಸಮವಾದ ಮೌಲ್ಯಗಳನ್ನು ಗುಂಪು ಮಾಡುವಾಗ ಅವರ ಪ್ರೋಗ್ರಾಮ್, ಯಂತ್ರದ ಕಿಂಚಿತ್ ದೋಷದಿಂದ ಸರಿದ ಒಂದನ್ನು ಹೊರಗೆ ತಳ್ಳಿ ಬೇರೆ ಮೌಲ್ಯವೆಂದು ಎಣಿಸಿತ್ತು. ಅದನ್ನು ಗುಂಪಿಗೆ ಸೇರಿಸಿದರೆ ಎಣಿಕೆ ನನ್ನದೇ.

ನನ್ನ ಪಟ್ಟಿ ನೋಡಿ ಬರೆದವರಿಗೆ ಈ ಒಂಟಿ ಮೌಲ್ಯ ಎಲ್ಲಿಂದ ಬರಬೇಕು? ನಾನು ಹಾಳೆಗಳನ್ನು ಮೊದಲ ಸಲ ನೆಲದ ಮೇಲೆ ಹರಡಿದೆ, ಅವರಿಗೆ ಕಾಣುವಂತೆ. ಉಳಿದದ್ದನ್ನು ಇಬ್ಬರೂ ಒಟ್ಟಿಗೇ ಓದಿದೆವು. ಕೊನೆಗೆ ಅವರ ಪಟ್ಟಿಯ ಮೊತ್ತ ತೆಗೆಯಲು ಹೇಳಿದೆ. ಅವರ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದದ್ದು ಬಿಂದುಗಳ ಸಂಖ್ಯೆಯೇ.

“ಈಗರ ನನ್ನ ಮ್ಯಾಲ ನಂಬಿಕಿ ಬಂತೇನ್ರಿ?” ಎಂದು ಕೇಳಿದರು.

“ಈ ಪಟ್ಟಿ ಮ್ಯಾಲ ಬಂತ್ರಿ ಸರ್ರ.”

ಅವರು ನಕ್ಕರು. “ಅಷ್ಟ ಸಾಕ್ ಬಿಡ್ರಿ. ಪ್ರಬಂಧದಾಗ ಹೋಗೂದು ಪಟ್ಟಿ. ನಾ ಅಲ್ಲ.”

ನಾನು ನನ್ನ ಲ್ಯಾಪ್‌ಟಾಪ್ ತೆರೆದು ಪ್ರಬಂಧದಿಂದ ಚಿತ್ರವನ್ನು ತೆಗೆದೆ. ಲೇಖಕರ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ, ಹೋಲಿಕೆ ಮುಗಿಯುವವರೆಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಅವರ ಹೆಸರನ್ನು ಮತ್ತೆ ಟೈಪ್ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬಗ್ಗಿದರು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ, ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ, ಈಗ ಉಳಿಸಿರಿ ಎಂದರು.